ನಮ್ಮನೆ ಹುಳಿಗೆ ಎಷ್ಟು ಕ್ಯಾಲೊರಿ?



ನಿಮ್ಮ ಪತ್ರ ಬಂತು. ಶುಗರ್ ಬಾರ್ಡರಿನಲ್ಲಿದೆ, ಸ್ವಲ್ಪ ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದು, ಬೆಂಗಳೂರಿನಿಂದ ಬಂದಿದ್ದ ಮಗ ನಿಮ್ಮ ಫೋನಿಗೆ ಕ್ಯಾಲೊರಿ ಲೆಕ್ಕದ ಆ್ಯಪ್ ಹಾಕಿಕೊಟ್ಟು ಹೋದದ್ದು, ಅದು ದಿನಕ್ಕೆ 1200 ದಾಟಬೇಡಿ ಅಂತ ಅಪ್ಪಣೆ ಮಾಡಿದ್ದು, ರಾತ್ರಿ ಊಟದ ಹೊತ್ತಿಗೆ ಅಂಕಿ ಕೆಂಪಾಗಿ ಒಂದು ಲೋಟ ಮಜ್ಜಿಗೆ ಕುಡಿಯುವುದಕ್ಕೂ ಅಳುಕಾಗಿದ್ದು, ಎಲ್ಲ ಓದಿದೆ. ದಾವಣಗೆರೆಯಲ್ಲಿ ಇದ್ದುಕೊಂಡು ಬೆಣ್ಣೆ ದೋಸೆಯನ್ನು ಈ ಆ್ಯಪಿಗೆ ಹೇಗೆ ಅರ್ಥ ಮಾಡಿಸಲಿ ಅಂತ ಕೇಳಿದ್ದೀರಲ್ಲ, ಆ ಸಾಲಿಗೆ ಚೆನ್ನಾಗಿ ನಕ್ಕೆ. ಉಳಿದದ್ದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ಆ 1200. ಅದು ನಿಮ್ಮ ದೇಹವನ್ನು ಅಳೆದು ಹೇಳಿದ ಅಂಕಿ ಅಲ್ಲ. ಇಂಥ ಬಹಳಷ್ಟು ಆ್ಯಪ್‌ಗಳು ಬಳಸುವುದು ಮಿಫ್ಲಿನ್ ಮತ್ತು ಸೇಂಟ್ ಜೋರ್ ಎಂಬವರ ಹೆಸರಿನ ಒಂದು ಸೂತ್ರವನ್ನು. ಅಮೆರಿಕದ ನೆವಾಡಾದಲ್ಲಿ 498 ಜನರ ಮೇಲೆ ಅಳತೆ ಮಾಡಿ 1990ರಲ್ಲಿ ಪ್ರಕಟಿಸಿದ್ದು ಅದು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಬೇಕು. ಹೆಂಗಸಾದರೆ ಇನ್ನೂ 161 ಕಳೆಯಬೇಕು. ನೀವು ಬರೆದ 62 ಕಿಲೋ, 155 ಸೆಂಟಿಮೀಟರ್, 45 ವರ್ಷ ಹಾಕಿ ನೋಡಿದೆ. 1203 ಬಂತು. ದಿನವಿಡೀ ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ನಿಮ್ಮ ಹೃದಯ, ಮಿದುಳು, ಮೂತ್ರಪಿಂಡಗಳು ನಡೆಯಲು ಬೇಕಾದದ್ದು ಇಷ್ಟು. ಬ್ಯಾಂಕಿನ ಕೆಲಸ, ಮನೆಗೆಲಸ, ಸ್ವಲ್ಪ ಓಡಾಟ ಅಂತ ಇದನ್ನು 1.375ರಿಂದ ಗುಣಿಸಿದರೆ 1650ರ ಹತ್ತಿರ. ವಾರಕ್ಕೆ ಅರ್ಧ ಕಿಲೋ ಇಳಿಯಬೇಕು ಅಂತ ನಿಮ್ಮ ಮಗ ಒತ್ತಿರಬೇಕು, ಆ್ಯಪ್ 500 ಕಳೆಯಿತು, 1150 ಆಯಿತು. ಅನೇಕ ಆ್ಯಪ್‌ಗಳು ಹೆಂಗಸರಿಗೆ 1200ಕ್ಕಿಂತ ಕಮ್ಮಿ ಹೇಳಬಾರದು ಅಂತ ತಮಗೆ ತಾವೇ ಕಟ್ಟು ಹಾಕಿಕೊಂಡಿವೆ. ಹಾಗಾಗಿ 1200. ನಿಮ್ಮ ಪಕ್ಕದ ಮನೆಯವರಿಗೂ, ನಿಮ್ಮ ನಾದಿನಿಗೂ ಅದೇ ಅಂಕಿ ಬಂದಿದ್ದರೆ ಆಶ್ಚರ್ಯಪಡಬೇಡಿ. ಅವಸರ ಮಾಡಿದ ಬಹಳಷ್ಟು ಹೆಂಗಸರು ಕೊನೆಗೆ ಬಂದು ನಿಲ್ಲುವ ಕಡೆ ಅದು. ವಾರಕ್ಕೆ ಕಾಲು ಕಿಲೋ ಸಾಕು ಅಂತ ಬದಲಾಯಿಸಿ ನೋಡಿ, 1400 ಅನ್ನುತ್ತದೆ. ಮಜ್ಜಿಗೆಗೆ ಜಾಗ ಸಿಕ್ಕಿತಲ್ಲ!

ಇದರಲ್ಲಿ ಇನ್ನೊಂದು ಎಳೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1980, 90ರ ದಶಕಗಳಲ್ಲಿ ನಮ್ಮ ಕಡೆಯವರ ಈ ಮಲಗಿದಾಗಿನ ಖರ್ಚನ್ನು ಅಳೆದಿದ್ದರು. ಆಗ ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದ್ದ ಸೂತ್ರಗಳು ಭಾರತೀಯರಿಗೆ ಇರುವುದಕ್ಕಿಂತ ಹೆಚ್ಚು ಹೇಳುತ್ತಿವೆ ಅಂತ ತಿಳಿಯಿತು. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಶಿಫಾರಸು ಮಾಡುವಾಗ ಶೇಕಡಾ 5ರಷ್ಟು ತಗ್ಗಿಸಿಯೇ ಲೆಕ್ಕ ಹಾಕುತ್ತಿದ್ದದ್ದು ಅದಕ್ಕೆ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಮೈಯೊಳಗಿನ ಮಾಂಸ ಕೊಬ್ಬುಗಳ ಪಾಲು ಬೇರೆ ಇರುತ್ತದೆ, ಖರ್ಚೂ ಬೇರೆ ಆಗುತ್ತದೆ. ಹಾಗಾಗಿ 1400 ಕೂಡ ದೇವರ ವಾಕ್ಯವಲ್ಲ. ಶುರು ಮಾಡಲು ಒಂದು ಜಾಗ, ಅಷ್ಟೆ.

ಊಟದ ಕಡೆಯ ಅಂಕಿಗಳು ಇನ್ನೂ ಹಳೆಯವು. 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಅಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞ ಒಂದು ಪುಟ್ಟ ಕೋಣೆ ಕಟ್ಟಿಸಿ ಅದರೊಳಗೆ ಮನುಷ್ಯರನ್ನು ದಿನಗಟ್ಟಲೆ ಇರಿಸಿದ. ಕಿಂಡಿಯಿಂದ ಊಟ ಒಳಗೆ ಹೋಗುತ್ತಿತ್ತು, ಮೈಯಿಂದ ಹೊಮ್ಮಿದ ಶಾಖವನ್ನು ಹೊರಗೆ ಅಳೆಯುತ್ತಿದ್ದರು. ಒಳಗೆ ನಿಂತಲ್ಲೇ ತುಳಿಯುವ ಸೈಕಲ್ಲೂ ಇತ್ತು. ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಎಂಬ ಇಂದಿಗೂ ನಡೆಯುವ ಲೆಕ್ಕ ಅವನ ಕೆಲಸದಿಂದ ಬಂದದ್ದು. ನಿಮ್ಮ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಕೂತಿರುವುದು ಅವನೇ.

ಆಮೇಲೆ 1918 ಬಂತು. ಆ ವರ್ಷ ಕ್ಯಾಲಿಫೋರ್ನಿಯಾದ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಹೆಂಗಸರು ತೆಳ್ಳಗಾಗಲು ಕ್ಯಾಲೊರಿ ಎಣಿಸಬೇಕು ಅಂತ ಪುಸ್ತಕ ಬರೆದು ಮನೆಮಾತಾದಳು. ಒಂದು ಚೂರು ಬ್ರೆಡ್ಡು ಅನ್ನಬೇಡಿ, ನೂರು ಕ್ಯಾಲೊರಿ ಬ್ರೆಡ್ಡು ಅನ್ನಿ ಎಂಬ ಪಾಠ ಅವಳದು. ಅದೇ ವರ್ಷ ನಮ್ಮ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಚಿಕ್ಕ ಘಟಕ ಶುರು ಮಾಡಿದ. ಊಟದಲ್ಲಿ ಏನಿಲ್ಲ ಎಂಬುದರಿಂದ ಬರುವ ಕಾಯಿಲೆ ಅದು. ಆ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯಿತು. ನಮ್ಮ ಧಾನ್ಯ, ಬೇಳೆ, ಸೊಪ್ಪುಗಳ ಮೊದಲ ಪೋಷಕಾಂಶ ಪಟ್ಟಿ 1937ರಲ್ಲಿ ಕೂನೂರಿನಿಂದಲೇ ಹೊರಬಿತ್ತು. ಬಡವರಿಗೆ ಸಾಕಷ್ಟು ಸಿಗುತ್ತಿದೆಯೇ ಅಂತ ನೋಡಲು ಮಾಡಿದ ಪಟ್ಟಿ. ಈಗ ನಿಮ್ಮ ಫೋನಿನಲ್ಲಿ ಕ್ಯಾಲಿಫೋರ್ನಿಯಾದ ಆ ವೈದ್ಯೆಯ ಆಸೆಯೂ ಕೂನೂರಿನ ಪಟ್ಟಿಯ ಮೊಮ್ಮಕ್ಕಳೂ ಒಂದೇ ಪರದೆಯ ಮೇಲೆ ಕೂತಿವೆ. ಈ ಸಂಸಾರ ನನಗಂತೂ ಬಲು ತಮಾಷೆಯದಾಗಿ ಕಾಣುತ್ತದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಹೈದರಾಬಾದಿನ ಸಂಸ್ಥೆ 2017ರಲ್ಲಿ ಹೊಸ ಪಟ್ಟಿ ತಂದಿತು, 528 ಪದಾರ್ಥಗಳದು. ತೊಗರಿಬೇಳೆ, ರಾಗಿ, ನುಗ್ಗೆ ಸೊಪ್ಪು ಹೀಗೆ ಬಹುಪಾಲು ಅಂಗಡಿಯಿಂದ ತಂದ ಸ್ಥಿತಿಯಲ್ಲಿರುವವು. ಅದರಲ್ಲಿ ಬಿಸಿಬೇಳೆ ಬಾತ್ ಸಿಗುವುದಿಲ್ಲ. ಹಾಗಾದರೆ ಆ್ಯಪಿನಲ್ಲಿ "ಬಿಸಿಬೇಳೆ ಬಾತ್, ಒಂದು ಬೌಲ್" ಅಂತ ಕಾಣುವುದು ಯಾರದು? ಯಾರೋ ಒಬ್ಬರ ಮನೆಯ ಅಳತೆ. ಅವರು ತುಪ್ಪ ಎಷ್ಟು ಸುರಿದರೋ, ಅವರ ಬೌಲ್ ಎಷ್ಟು ದೊಡ್ಡದೋ! ಬಳಕೆದಾರರೇ ಸೇರಿಸುತ್ತ ಹೋಗುವ ಪಟ್ಟಿಗಳಲ್ಲಿ ಒಂದೇ ಹೆಸರಿಗೆ ಹತ್ತಾರು ಅಂಕಿಗಳಿರುತ್ತವೆ, ನಾವು ನಮಗೆ ಹಿತವಾದದ್ದನ್ನು ಆರಿಸಿಕೊಳ್ಳುತ್ತೇವೆ. ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಹೆಲ್ದಿಫೈಮಿಯಂಥ ಆ್ಯಪ್‌ಗಳಲ್ಲಿ ನಮ್ಮ ತಿಂಡಿಗಳ ಹೆಸರು ಧಾರಾಳವಾಗಿ ಸಿಗುತ್ತವೆ, ಅದು ದೊಡ್ಡ ಅನುಕೂಲ. ಫೋಟೋ ತೆಗೆದರೆ ತಟ್ಟೆಯಲ್ಲಿರುವುದು ಏನು ಅಂತಲೂ ಗುರುತು ಹಿಡಿಯುತ್ತವೆ. ಆದರೆ ಯಾವ ಕ್ಯಾಮೆರಾಕ್ಕೂ ಸಾಗುವಿನ ಒಳಗಿರುವ ಎಣ್ಣೆ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಸಿದ್ಧ ಅಡುಗೆಗಳ ಪಟ್ಟಿಯನ್ನು ಬಿಟ್ಟು, ಆ್ಯಪಿನಲ್ಲಿ "ರೆಸಿಪಿ" ಅಂತ ಒಂದು ಭಾಗ ಇರುತ್ತದಲ್ಲ, ಅದಕ್ಕೆ ಹೋಗಿ. ಒಂದು ಡಿಜಿಟಲ್ ತಕ್ಕಡಿ ತರಿಸಿಕೊಳ್ಳಿ, ಅಡುಗೆಮನೆಯಲ್ಲಿಡುವ ಚಿಕ್ಕದು. ಒಂದು ಭಾನುವಾರ ಹುಳಿ ಮಾಡುವಾಗ ಹಾಕುವ ಮುಂಚೆ ಎಲ್ಲವನ್ನೂ ತೂಗಿ. ನಾಲ್ಕು ಜನರಿಗೆ ಅಂತ ಇಟ್ಟುಕೊಳ್ಳೋಣ: ತೊಗರಿಬೇಳೆ 150 ಗ್ರಾಂ, ಅದು ಸುಮಾರು 500 ಕ್ಯಾಲೊರಿ. ತರಕಾರಿ 300 ಗ್ರಾಂ, ನೂರು ಅನ್ನಿ. ತೆಂಗಿನ ತುರಿ 50 ಗ್ರಾಂ, ಇನ್ನೂರು. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, ಎಂಬತ್ತು. ಒಟ್ಟು 880. ಈಗ ಮುಖ್ಯವಾದ ಕೆಲಸ: ನೀವು ದಿನಾ ಬಡಿಸುವ ಸೌಟಿನಲ್ಲೇ ಇನ್ನೊಂದು ಪಾತ್ರೆಗೆ ಎತ್ತಿ ಹಾಕುತ್ತ ಎಷ್ಟು ಸೌಟು ಅಂತ ಎಣಿಸಿ. ಎಂಟು ಬಂದರೆ ಸೌಟಿಗೆ 110. ಆ್ಯಪಿನಲ್ಲಿ "ನಮ್ಮನೆ ಹುಳಿ" ಅಂತ ಹೆಸರು ಕೊಟ್ಟು ಉಳಿಸಿಬಿಡಿ. ಇನ್ನು ಮೇಲೆ ಎರಡು ಸೌಟು ಅಂತ ಒತ್ತಿದರಾಯಿತು. ಸಾರು, ಪಲ್ಯ, ಉಪ್ಪಿಟ್ಟು, ಚಿತ್ರಾನ್ನ, ಹೀಗೆ ಮನೆಯಲ್ಲಿ ಮತ್ತೆ ಮತ್ತೆ ಆಗುವ ಅಡುಗೆಗಳು ಲೆಕ್ಕ ಹಾಕಿದರೆ ಒಂದು ಇಪ್ಪತ್ತು ಇದ್ದಾವು. ಒಂದೊಂದನ್ನು ಒಂದೊಂದು ಸಲ ಮಾಡಿಟ್ಟರೆ ಸಾಕು.

ಮುದ್ದೆಗೂ ಹಾಗೆಯೇ. ಮುದ್ದೆಯನ್ನು ತೂಗಿದರೆ ನೀರನ್ನೂ ತೂಗಿದ ಹಾಗಾಗುತ್ತದೆ, ಹಿಟ್ಟನ್ನು ತೂಗಿ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320. ಅಕ್ಕಿಗೆ 350ರ ಆಸುಪಾಸು, ಆದರೆ ಅದೇ ಅಕ್ಕಿ ಅನ್ನವಾಗಿ ನೀರು ಕುಡಿದ ಮೇಲೆ 100 ಗ್ರಾಮಿಗೆ 130. ಆ್ಯಪಿನಲ್ಲಿ "ರೈಸ್" ಅಂತ ಹುಡುಕುವಾಗ ಹಸಿಯದೋ ಬೆಂದದ್ದೋ ನೋಡದೆ ಒತ್ತಿದರೆ ಊಟ ಒಂದೇ ಏಟಿಗೆ ಎರಡೂವರೆ ಪಟ್ಟು ಏರಿಬಿಡುತ್ತದೆ. ನೀವು ಬರೆದ ಆ "ಒಂದು ತಟ್ಟೆ ಅನ್ನಕ್ಕೆ 700" ಇದೇ ಇರಬೇಕು ಅಂತ ನನ್ನ ಗುಮಾನಿ. ಇನ್ನೂ ಒಂದು ಮಾತು, ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ರಾಗಿಯ ದೊಡ್ಡಸ್ತಿಕೆ ಅದರ ನಾರಿನಲ್ಲಿ, ಸುಣ್ಣದಂಶದಲ್ಲಿ ಇದೆ. 1400ರ ಹಿಂದೆ ಬಿದ್ದಿರುವ ಪರದೆ ಅದನ್ನು ನಿಮಗೆ ಹೇಳುವುದೇ ಇಲ್ಲ.

ಎಣ್ಣೆಯ ಲೆಕ್ಕ ಮಾತ್ರ ಚಮಚದಲ್ಲಿ ಹಿಡಿಯಲು ಹೋಗಬೇಡಿ, ಸೋಲುತ್ತೀರಿ. ದೋಸೆ ಹಂಚಿಗೆ ಸವರಿದ್ದು, ಹಪ್ಪಳ ಕರಿದದ್ದು, ಒಗ್ಗರಣೆ ಸೌಟಿನಲ್ಲಿ ಕಣ್ಣಳತೆಗೆ ಸುರಿದದ್ದು, ಯಾರಿಗೆ ನೆನಪಿರುತ್ತದೆ? ತಿಂಗಳ ಸಾಮಾನಿನ ಚೀಟಿ ನೋಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬಂದರೆ ತಲೆಗೆ ಒಂದು ಲೀಟರ್, ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ. ಅದನ್ನು ದಿನಾ ಒಂದೇ ಸಲ ಬರೆದು, ಹುಳಿ, ಪಲ್ಯಗಳ ಲೆಕ್ಕದಿಂದ ಎಣ್ಣೆಯನ್ನು ತೆಗೆದುಬಿಡಿ. ಮುಂದಿನ ತಿಂಗಳು ಮೂರು ಲೀಟರಿಗೆ ಇಳಿಸಿದಿರೋ, ಒಬ್ಬೊಬ್ಬರಿಗೂ ದಿನಕ್ಕೆ 70ರ ಹತ್ತಿರ ಇಳಿಯಿತು, ಯಾರ ತಟ್ಟೆಯಿಂದಲೂ ತುತ್ತು ಕಿತ್ತುಕೊಳ್ಳದೆ. ಇಡೀ ಮನೆಗೆ ಅಡುಗೆ ಮಾಡುವವರು ತಮ್ಮೊಬ್ಬರ ಪಥ್ಯಕ್ಕೆ ಬೇರೆ ಪಾತ್ರೆ ಇಡುವುದು ಎಷ್ಟು ದಿನ ನಡೆದೀತು ಹೇಳಿ. ಎಲ್ಲರ ಪಾತ್ರೆಯಲ್ಲೇ ಬದಲಾವಣೆ ಆಗಬೇಕು. ನಿಮ್ಮ ಯಜಮಾನರಿಗೆ ಹೇಳದೇ ಮಾಡಿದರೂ ನಡೆಯುತ್ತದೆ.

ಬೆಣ್ಣೆ ದೋಸೆ! ಒಂದು ದೊಡ್ಡ ಚಮಚ ಬೆಣ್ಣೆಗೆ ನೂರು ಕ್ಯಾಲೊರಿ ಅಂತ ಗೊತ್ತಿದ್ದರೆ ಸಾಕು, ಉಳಿದದ್ದು ದೋಸೆ ಹುಯ್ಯುವವರ ಕೈಗೆ ಬಿಟ್ಟದ್ದು. "ಬೆಣ್ಣೆ ದೋಸೆ, ಎರಡು" ಅಂತ ಬರೆದು ಒಂದು ದುಂಡು ಅಂಕಿ ಹಾಕಿ ಮುಂದೆ ಹೋಗಿ. ಬಿಸಿ ಆರುವ ಮುಂಚೆ ತಿನ್ನಿ. ಮದುವೆ ಮನೆಯಲ್ಲಿ ಬಾಳೆ ಎಲೆಯ ಮುಂದೆ ಕೂತು ಫೋನು ತೆಗೆಯುವುದಂತೂ ಖಂಡಿತ ಬೇಡ. ಹೋಳಿಗೆ ಬಡಿಸಲು ಬಂದವರಿಗೆ ಅವಮಾನ.

ಇಷ್ಟೆಲ್ಲ ಗೋಜಲು ಇದ್ದ ಮೇಲೆ ಬರೆದು ಏನು ಪ್ರಯೋಜನ ಅಂತ ಕೇಳುತ್ತೀರಿ. ಇದೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನ. ಅವರ ಮೈಯ ನಿಜವಾದ ಖರ್ಚು ಅಳೆದು ನೋಡಿದರೆ, ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಮ್ಮಿ ಹೇಳಿದ್ದರು, ವ್ಯಾಯಾಮವನ್ನು ಶೇಕಡಾ 51ರಷ್ಟು ಹೆಚ್ಚು ಹೇಳಿದ್ದರು. ಸುಳ್ಳುಗಾರರಲ್ಲ ಪಾಪ, ನೆನಪಿನ ಗುಣವೇ ಹಾಗೆ. ರುಚಿ ನೋಡಲೆಂದು ಬಾಯಿಗೆ ಹೋದದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ದಂಡವಾಗಬಾರದು ಅಂತ ತಿಂದದ್ದು, ಆಫೀಸಿನ ಹುಟ್ಟುಹಬ್ಬದ ಕೇಕು, ಇವು ಊಟ ಅಂತ ನೆನಪಿನಲ್ಲಿ ಕೂರುವುದಿಲ್ಲ. ಇನ್ನೊಂದು ದೊಡ್ಡ ಅಧ್ಯಯನ 2008ರದು, ಸುಮಾರು 1700 ಜನರದು: ದಿನಾ ತಿಂದದ್ದನ್ನು ಬರೆದಿಟ್ಟವರು ಬರೆಯದವರ ಎರಡರಷ್ಟು ತೂಕ ಇಳಿಸಿದ್ದರು. ಅಂಕಿ ಸರಿ ಇದ್ದದ್ದಕ್ಕಿಂತ ಬರೆಯಬೇಕಲ್ಲ ಎಂಬ ಒಂದು ಗಳಿಗೆಯ ತಡೆ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಆ್ಯಪಿನ ಅಂಕಿ ಸತ್ಯ ಅಲ್ಲದಿರಬಹುದು. ಆದರೆ ಒಂದೇ ಸೌಟು, ಒಂದೇ ತಪ್ಪು ದಿನಾ ಇದ್ದರೆ, ಈ ವಾರಕ್ಕೂ ಹೋದ ವಾರಕ್ಕೂ ಇರುವ ವ್ಯತ್ಯಾಸ ನಿಜವೇ ಆಗಿರುತ್ತದೆ. ನಾದಿನಿಯ ಅಂಕಿಯ ಜೊತೆ ಹೋಲಿಸಬೇಡಿ, ನಿಮ್ಮದೇ ಹೋದ ವಾರದ ಜೊತೆ ಹೋಲಿಸಿ.

ವ್ಯಾಯಾಮದ ಲೆಕ್ಕದಲ್ಲಿ ಮಾತ್ರ ನಾನು ಇಷ್ಟು ಉದಾರಿ ಅಲ್ಲ. ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ಅರ್ಧ ಗಂಟೆ ನಡೆದು ಬಂದರೆ ಆ್ಯಪ್ 108 ಕ್ಯಾಲೊರಿ ಅಂತ ತೋರಿಸಿ, ಅಷ್ಟು ಹೆಚ್ಚು ತಿನ್ನಬಹುದು ಅನ್ನುತ್ತದಂತೆ. ಸಾಧಾರಣ ವೇಗದ ನಡಿಗೆಗೆ ಸುಮ್ಮನೆ ಕೂತಾಗಿನ ಮೂರೂವರೆ ಪಟ್ಟು ಖರ್ಚು ಅಂತ ಒಂದು ಪಟ್ಟಿ ಇದೆ. ಅದನ್ನು ನಿಮ್ಮ ತೂಕಕ್ಕೆ, ಅರ್ಧ ಗಂಟೆಗೆ ಗುಣಿಸಿದ್ದು ಅದು. ಆದರೆ ಮನೆಯಲ್ಲೇ ಕೂತಿದ್ದರೂ ಅದರಲ್ಲಿ 31 ಖರ್ಚಾಗುತ್ತಲೇ ಇತ್ತಲ್ಲ! ನಡಿಗೆಯಿಂದ ಹೆಚ್ಚಾದದ್ದು 77. ಅದರ ಮೇಲೆ, ಆಗ 1.375ರಿಂದ ಗುಣಿಸಿದೆವಲ್ಲ, ಸ್ವಲ್ಪ ಓಡಾಟವನ್ನು ಅಲ್ಲಿ ಒಮ್ಮೆ ಎಣಿಸಿಯಾಗಿದೆ. ಸೆಟ್ಟಿಂಗ್ಸಿನಲ್ಲಿ ವ್ಯಾಯಾಮದ ಕ್ಯಾಲೊರಿಯನ್ನು ಊಟಕ್ಕೆ ಸೇರಿಸುವ ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಿ. ನಡಿಗೆಗೆ ಕೂಲಿಯಾಗಿ ಬಜ್ಜಿ ಕೊಡುವ ಪದ್ಧತಿ ನಿಲ್ಲಲಿ.

ನಡಿಗೆ ನಿಲ್ಲಿಸಬೇಡಿ ಮತ್ತೆ. ನಿಮ್ಮ ಶುಗರಿಗೆ ಅದೇ ಔಷಧ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿದರೂ ಏರುವ ಸಕ್ಕರೆ ತಗ್ಗುತ್ತದೆ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರುವಂಥ ಕೆಲಸ. ನಮ್ಮ ಹೆಂಗಸರು ಹೆಚ್ಚಾಗಿ ಕೈಬಿಡುವುದು ಇದನ್ನೇ. 10,000 ಹೆಜ್ಜೆ ಆಗಲಿಲ್ಲ ಅಂತ ಮಲಗುವ ಕೋಣೆಯಲ್ಲಿ ಸುತ್ತುತ್ತೀರಂತೆ, ಅದು ಬೇಕಿಲ್ಲ. ಆ ಅಂಕಿ ಯಾವ ವೈದ್ಯರಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. ವಯಸ್ಸಾದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ 2019ರ ಅಮೆರಿಕದ ಅಧ್ಯಯನದಲ್ಲಿ 4400 ಹೆಜ್ಜೆಯಿಂದಲೇ ಸಾವಿನ ಅಪಾಯ ಇಳಿದಿತ್ತು, 7500ರ ಹೊತ್ತಿಗೆ ಲಾಭ ಮಟ್ಟಸವಾಗಿತ್ತು.

ಒಂದು ಎಚ್ಚರಿಕೆ, ಇದು ತಮಾಷೆ ಅಲ್ಲ. ಮುಂದೆ ಡಾಕ್ಟರು ಶುಗರಿಗೆ ಮಾತ್ರೆ ಕೊಟ್ಟರೆ, ಅಥವಾ ಮನೆಯಲ್ಲಿ ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡುವುದು ಕೂಡದು. ಕೆಲವು ಔಷಧಗಳ ಮೇಲೆ ಊಟ ತಗ್ಗಿದರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳುತ್ತಾರೆ. ಇನ್ನು ನಿಮ್ಮ ಮಗಳು ತಾನೂ ಆ್ಯಪ್ ಹಾಕಿಕೊಳ್ಳುತ್ತೇನೆ ಅಂದಳಂತೆ. ಹದಿನಾರರ ಹುಡುಗಿಗೆ ಬೇಡವೇ ಬೇಡ. ಬೆಳೆಯುವ ವಯಸ್ಸಿನಲ್ಲಿ ತಟ್ಟೆಯನ್ನು ಅಂಕಿಯಾಗಿ ನೋಡುವ ಚಟ ಹತ್ತಿದರೆ ಕೆಲವರಲ್ಲಿ ಅದು ಕಾಯಿಲೆಯಾಗಿ ತಿರುಗುತ್ತದೆ, ಬಿಡಿಸುವುದು ಬಹಳ ಕಷ್ಟ. ಅವಳ ಎದುರು ನೀವೂ ಆ ಕೆಂಪು ಅಂಕಿಯ ಮಾತಾಡಬೇಡಿ.

ನಿಮ್ಮ ಮಾಹಿತಿಯ ವಿಷಯ ಚುಟುಕಾಗಿ ಹೇಳುತ್ತೇನೆ. 2018ರಲ್ಲಿ ಕ್ಯಾಲೊರಿ ಲೆಕ್ಕದ ಆ್ಯಪ್ ಆದ ಮೈಫಿಟ್ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ವಿವರ ಕಳವಾಗಿತ್ತು. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ್ದ ಓಟದ ನಕ್ಷೆಯಿಂದ ಅದೇ ವರ್ಷ ಸೇನಾ ನೆಲೆಗಳ ಒಳದಾರಿಗಳೇ ಬಯಲಾಗಿದ್ದವು. ಬ್ಯಾಂಕಿನ ಪಾಸ್‌ವರ್ಡನ್ನೇ ಇಲ್ಲಿಗೂ ಹಾಕಬೇಡಿ ಅಂತ ಬ್ಯಾಂಕಿನವರಿಗೆ ನಾನು ಹೇಳಬೇಕೆ? ನಡಿಗೆಯ ದಾರಿ ಎಲ್ಲರಿಗೂ ಕಾಣದಂತೆ ಮಾಡಿಕೊಳ್ಳಿ, ಅಷ್ಟು ಸಾಕು.

ಎಷ್ಟು ದಿನ ಬರೆಯಬೇಕು ಅಂತ ಕೇಳಿದ್ದೀರಿ. ಒಂದೂವರೆ ತಿಂಗಳು ನಿಷ್ಠೆಯಿಂದ ಬರೆಯಿರಿ. ಅಷ್ಟರಲ್ಲಿ ನಿಮ್ಮ ಮನೆಯ ಇಪ್ಪತ್ತು ಅಡುಗೆಗಳೂ ಕಣ್ಣಿಗೆ ಕೂತಿರುತ್ತವೆ. ಆಮೇಲೆ ಆ್ಯಪ್ ಮುಚ್ಚಿಡಿ, ಬೇಕಾದಾಗ ಒಂದು ವಾರ ತೆರೆದರಾಯಿತು. ತೂಕವನ್ನು ದಿನಾ ನೋಡಿ ಸಂಕಟಪಡಬೇಡಿ, ಉಪ್ಪು ನೀರುಗಳ ಆಟದಲ್ಲೇ ಒಂದು ಕಿಲೋ ಹಿಂದೆ ಮುಂದೆ ಆಗುತ್ತದೆ. ಅದರ ಬದಲು ಹೊಲಿಗೆ ಡಬ್ಬಿಯ ಟೇಪು ತಂದು ಸೊಂಟದ ಸುತ್ತಳತೆ ನೋಡಿ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಎಂಬ ಇಬ್ಬರು 2004ರಲ್ಲಿ ತಮ್ಮದೇ ಫೋಟೋ ಪ್ರಕಟಿಸಿದ್ದರು. ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಅಳೆದರೆ ಇಂಗ್ಲೆಂಡಿನವರದು ಶೇಕಡಾ 9.1, ನಮ್ಮವರದು 21.2. ತೂಕದ ಯಂತ್ರಕ್ಕೆ ಕಾಣದ ಈ ಕೊಬ್ಬು ನಮ್ಮವರಲ್ಲಿ ಹೊಟ್ಟೆಯ ಸುತ್ತ ಸೇರಿಕೊಳ್ಳುತ್ತದೆ. ಭಾರತದ ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ ಅಂತ ಇಟ್ಟಿರುವುದು ಅದಕ್ಕೆ. ಎಚ್‌ಬಿಎ1ಸಿ ಪರೀಕ್ಷೆ ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ, ಹಾಗಾಗಿ ಮುಂದಿನದನ್ನು ಮೂರು ತಿಂಗಳ ನಂತರವೇ ಮಾಡಿಸಿ.

ಕೊನೆಗೆ, ನಿಮ್ಮ ಮಗ ಕೊಡಿಸುತ್ತೇನೆ ಅನ್ನುವ ಆ ವಾಚು. ಸ್ಟ್ಯಾನ್‌ಫರ್ಡಿನಲ್ಲಿ 2017ರಲ್ಲಿ ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದ್ದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು, ಕ್ಯಾಲೊರಿ ಖರ್ಚಿನಲ್ಲಿ ಅತ್ಯಂತ ಒಳ್ಳೆಯದೇ ಶೇಕಡಾ 27ರಷ್ಟು ತಪ್ಪಿತ್ತು, ಕೆಟ್ಟದ್ದು 93. ಹೆಜ್ಜೆಯನ್ನೂ ಅದು ಕೈ ಬೀಸಿನಿಂದ ತಿಳಿಯುವುದು. ಕೊಡ ಹೊತ್ತು ಮೆಟ್ಟಿಲು ಹತ್ತಿದರೆ ಸರಿಯಾಗಿ ಎಣಿಸದು, ಕೂತು ಚಪಾತಿ ಲಟ್ಟಿಸಿದರೆ ಎಣಿಸಿದರೂ ಎಣಿಸೀತು. 2016ರ ಇನ್ನೊಂದು ಎರಡು ವರ್ಷದ ಅಧ್ಯಯನದಲ್ಲಿ ಇಂಥ ಪಟ್ಟಿ ಕಟ್ಟಿದವರು 3.5 ಕಿಲೋ ಇಳಿದರೆ, ಕಟ್ಟದೆ ತಮ್ಮ ಪಾಡಿಗೆ ಬರೆದುಕೊಂಡವರು 5.9 ಕಿಲೋ ಇಳಿದಿದ್ದರು. ಫೋನನ್ನೇ ಚೀಲದಲ್ಲಿಟ್ಟುಕೊಂಡು ನಡೆದರೆ ಸಾಕಷ್ಟಾಯಿತು. ಮಗನ ಮನಸ್ಸು ನೋಯಿಸಬೇಡಿ. ವಾಚಿನ ಬದಲು ಅಡುಗೆಮನೆಗೆ ಆ ತಕ್ಕಡಿ ಕೊಡಿಸು ಅನ್ನಿ, ಉಳಿದ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ. ಕೆರೆ ಸುತ್ತಲು ಇನ್ನೂ ಚಪ್ಪಲಿಯಲ್ಲೇ ಹೋಗುತ್ತೀರಂತಲ್ಲ.

ಹುಳಿ ಎಷ್ಟು ಸೌಟು ಬಂತು ಅಂತ ತಪ್ಪದೆ ಬರೆಯಿರಿ.

ನಿಮ್ಮ ಗೆಳತಿ